ಚಿಂದಿಗೆ ಕಾಳು ಕಲಿಸಿದ್ದು

ಆ ಬೀದಿಯಲ್ಲಿ ಅಂಗಿ ತೊಟ್ಟು ಓಡಾಡುವವರಲ್ಲಿ ಅರ್ಧಕ್ಕರ್ಧ ಜನರ ಎದೆಯ ಮೇಲೆ ಅವಳ ಕೈಗೆಲಸವಿತ್ತು. ಆದರೂ ಅಂಗಿ ಹೊಲಿದವರು ಯಾರೆಂದು ಕೇಳಿದರೆ ಎಲ್ಲರೂ ಟೈಲರ್ ಮಾಸ್ಟರನ್ನೇ ತೋರಿಸುತ್ತಿದ್ದರು. ಗುಂಡಿ ಹಚ್ಚುವುದು, ಗುಂಡಿ ತೂರುವ ಕಿಂಡಿಯ ಸುತ್ತ ದಾರ ಹೆಣೆದು ಕಾಜ ಹಾಕುವುದು, ಇವೆಲ್ಲ ಹೊಲಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಮಾಸ್ಟರ್ ಅಂಗಡಿಯಿಂದ ಅಂಗಿಗಳ ಗಂಟು ಮನೆಗೆ ಬರುತ್ತಿತ್ತು. ಅನ್ನ ಬೇಯುವಷ್ಟರಲ್ಲಿ ಒಂದು, ಬಟ್ಟೆ ನೆನೆಯುವಷ್ಟರಲ್ಲಿ ಇನ್ನೊಂದು, ಹೀಗೆ ಬೇರೆ ಕೆಲಸಗಳ ಸಂದಿಯಲ್ಲಿ ಅವಳು ಅವನ್ನು ಮುಗಿಸಿ ಕಳಿಸುತ್ತಿದ್ದಳು. ಹಾಗಾಗಿ ಅವಳು ಊರಿಗೆಲ್ಲ ಕಾಜದಕ್ಕ. ಗಂಡನೊಬ್ಬ ಮಾತ್ರ 'ಇವಳೇ' ಎನ್ನುತ್ತಿದ್ದ.

ಗಂಡನಿಗೆ ಬೀದಿಯ ತಿರುವಿನಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ತುಂಡಾಗದಂತೆ, ಒಂದರ ಮೇಲೊಂದು ಏರದಂತೆ ಸುತ್ತುವ ಬೆರಳುಗಳು ಅವನವು. ಆ ಬೆರಳುಗಳು ಒಲೆಯ ಮೇಲಿಂದ ಒಂದು ಪಾತ್ರೆ ಇಳಿಸಿದ್ದನ್ನು ಮಾತ್ರ ಅವಳು ಕಂಡಿರಲಿಲ್ಲ. "ನನ್ನ ಕೈಗೆ ಅಡುಗೆ ಹತ್ತಲ್ಲ" ಎಂದು ಮದುವೆಯಾದ ಹೊಸದರಲ್ಲೇ ಹೇಳಿಬಿಟ್ಟಿದ್ದ. ಕೆಲವರಿಗೆ ಹಾಡು ಹತ್ತುವುದಿಲ್ಲ, ಕೆಲವರಿಗೆ ಈಜು ಹತ್ತುವುದಿಲ್ಲ, ಇದೂ ಹಾಗೇ ಇರಬೇಕು ಎಂದು ಅವಳೂ ನಂಬಿದ್ದಳು. ಬಾಣಂತನದಲ್ಲಿ ಒಮ್ಮೆ ಜ್ವರ ಬಂದು ಮೈ ಕೆಂಡವಾಗಿದ್ದಾಗ ಅವನು ಮಂಚದ ಪಕ್ಕ ಕೂತು, ನಿಜಕ್ಕೂ ಸಂಕಟಪಟ್ಟು, "ಊಟಕ್ಕೆ ಏನು ಮಾಡೋದೀಗ?" ಎಂದು ಕೇಳಿದ್ದ. ಅವಳು ಎದ್ದು ಅಕ್ಕಿ ತೊಳೆದಿದ್ದಳು. ಕೆಟ್ಟವನಲ್ಲ. ಕುಡಿದವನಲ್ಲ, ಕೈ ಎತ್ತಿದವನಲ್ಲ. "ನಮ್ಮನೆಯವರು ನನ್ನ ಮೇಲೂ ಕೈ ಎತ್ತಲ್ಲ, ಪಾತ್ರೆ ಎತ್ತೋಕೂ ಕೈ ಎತ್ತಲ್ಲ" ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿ ಅವಳು ನಗುತ್ತಿದ್ದಳು.

ಬೆಕ್ಕು ಬಂದದ್ದು ಮಗಳು ಮದುವೆಯಾಗಿ ಹೋದ ಮೇಲೆ. ಮಾಸ್ಟರ್ ಅಂಗಡಿಯ ಮೂಲೆಯಲ್ಲಿ ಕತ್ತರಿಸಿ ಎಸೆದ ಬಟ್ಟೆಯ ರಾಶಿಯೊಳಗೆ ಯಾವುದೋ ತಾಯಿಬೆಕ್ಕು ಬಿಟ್ಟುಹೋದ ಮರಿ. ಬಿಳಿ, ಕಪ್ಪು, ಕಂದು ತೇಪೆ ಹಾಕಿದಂತಿದ್ದ ಅದು ಗಂಟಿನ ಅಂಗಿಗಳ ಜೊತೆಗೇ ಮನೆಗೆ ಬಂತು. ಚಿಂದಿಯಲ್ಲಿ ಸಿಕ್ಕಿದ್ದಕ್ಕೆ ಚಿಂದಿ ಎಂದೇ ಹೆಸರಾಯಿತು. ಮೀನು ಮಾರುವವಳು ಕತ್ತರಿಸಿ ಉಳಿದ ತಲೆಗಳನ್ನು ಕಾಜದಕ್ಕನಿಗೆಂದೇ ಎತ್ತಿಡುತ್ತಿದ್ದಳು. ಅವನ್ನು ಉಪ್ಪಿಲ್ಲದೆ ಬೇಯಿಸಿ, ಆರಿಸಿ, ಒಂದೊಂದೇ ಮುಳ್ಳು ಬಿಡಿಸಿ, ಮೆತ್ತಗಿನ ಅನ್ನದ ಜೊತೆ ಹಿಚುಕಿ ಬಟ್ಟಲಿಗೆ ಹಾಕಿದರೆ ಚಿಂದಿಯ ಊಟ. ಅದೊಂದೇ ಅದಕ್ಕೆ ಆಗುತ್ತಿದ್ದದ್ದು. ಬಿಸಿಯಾಗಿದ್ದರೆ ಮೂಸಿ ನೋಡುತ್ತಿರಲಿಲ್ಲ, ತಣ್ಣಗಾದರೆ ಬೆನ್ನು ತಿರುಗಿಸುತ್ತಿತ್ತು.

"ನನಗಿಂತ ಅದಕ್ಕೇ ಉಪಚಾರ ಜಾಸ್ತಿ" ಎಂದು ಗಂಡ ಕೆಣಕುವುದಿತ್ತು.

"ಅದು ನಾನು ಮಾಡಿದ್ದು ಸರಿ ಇಲ್ಲ ಅಂದ್ರೆ ಸುಮ್ನೆ ಎದ್ದು ಹೋಗುತ್ತೆ. ನೀವು ತಿಂದು ಮುಗಿಸಿ ಆಮೇಲೆ ಹೇಳ್ತೀರಿ."

ಇಂಥ ದಿನಗಳಲ್ಲೇ ಒಂದು ದಿನ ಅವಳ ಹೊಟ್ಟೆಯ ನೋವು ಕಷಾಯಕ್ಕೆ ಬಗ್ಗದಾಯಿತು. ಮಗಳು ಬಲವಂತದಿಂದ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿಯಲ್ಲ. ಒಳಗೆ ಗಡ್ಡೆ ಬೆಳೆದಿದೆ, ತೆಗೆಯಬೇಕು, ಈಗಲೇ ತೆಗೆದರೆ ಉಳಿಯುವ ಭರವಸೆ ಚೆನ್ನಾಗಿದೆ, ಆಮೇಲೂ ಬಹಳ ಕಾಲ ಆಸ್ಪತ್ರೆಯಲ್ಲೇ ಇದ್ದು ಔಷಧಿ ತೆಗೆದುಕೊಳ್ಳಬೇಕು ಎಂದು ನೇರವಾಗಿ ಹೇಳಿದರು. "ಯಾವಾಗ ಸೇರ್ತೀರಿ?"

"ಮನೇನ ಒಂದು ದಾರಿಗೆ ತಂದು ಬರ್ತೀನಿ" ಎಂದಳು ಕಾಜದಕ್ಕ.

"ಮನೆಗೇನಾಗಿದೆ?"

"ಮನೆಗೇನೂ ಆಗಿಲ್ಲ. ನಾನಿಲ್ದೆ ಇರೋಕೆ ಅದಕ್ಕೆ ಅಭ್ಯಾಸ ಇಲ್ಲ."

"ತಡ ಮಾಡ್ಬೇಡಿ" ಎಂದರು ಡಾಕ್ಟರಮ್ಮ.

ತಾನಿಲ್ಲದ ಮನೆಯನ್ನು ಅಣಿಮಾಡುವುದು ದೊಡ್ಡ ಕೆಲಸವೆಂದೇ ಅವಳು ಟೊಂಕ ಕಟ್ಟಿದಳು. ಆದರೆ ಹಾಗೇನೂ ಆಗಲಿಲ್ಲ. ಬೀದಿಯಾಚೆ ಮೆಸ್ ನಡೆಸುವವಳು ಕ್ಯಾರಿಯರಿನಲ್ಲಿ ಊಟ ಕಳಿಸಲು ಒಪ್ಪಿದಳು. ಗಂಡನಿಗೆ ಒಗ್ಗುತ್ತದೋ ಇಲ್ಲವೋ ನೋಡೋಣ ಎಂದು ಕಾಜದಕ್ಕ ತಾನು ಮನೆಯಲ್ಲಿರುವಾಗಲೇ ಒಂದು ದಿನ ತರಿಸಿದಳು. ಸಾರಿಗೆ ಹುಳಿ ಮುಂದು, ಪಲ್ಯ ಸೀದಿತ್ತು. ಅವನು ಪೂರ್ತಿ ಉಂಡು, ಬಾಯಿ ಒರೆಸಿಕೊಂಡು, "ಪರವಾಗಿಲ್ಲ" ಎಂದ. ಅಷ್ಟೇ. ಅಷ್ಟು ವರ್ಷ ಅವಳು ಮಾಡಿದ್ದಕ್ಕೂ ಅವನು ಹೇಳುತ್ತಿದ್ದದ್ದು ಅದೇ ಮಾತು. ಅಂಗಿಗಳ ಗಂಟು ಕಾಜ ಹಾಕುವ ಮಿಷನ್ ಇರುವವರ ಮನೆಗೆ ಹೋಯಿತು. ಮಾಸ್ಟರ್ ಒಳ್ಳೆಯ ಮನುಷ್ಯ, ಬಂದು ಕೂತು, "ನಿನ್ನ ಕೈಯ ಕಾಜ ಆ ಮಿಷನ್ನಿಗೆ ಎಲ್ಲಿ ಬರುತ್ತಕ್ಕ" ಎಂದರು. ಆದರೆ ಅಂಗಿ ತೊಟ್ಟವರು ಯಾರೂ ಗುಂಡಿ ಹಾಕಿಕೊಳ್ಳಲು ಕಷ್ಟವಾಯಿತೆಂದು ದೂರಿದ್ದು ಕೇಳಿಬರಲಿಲ್ಲ. ಬಟ್ಟೆ ಒಗೆಯಲು ಮಗಳು ವಾರಕ್ಕೊಮ್ಮೆ ಬರುವುದೆಂದಾಯಿತು.

ಎಲ್ಲರೂ ಇಷ್ಟು ಬೇಗ ಅವಳಿಲ್ಲದೆ ಬದುಕಲು ಕಲಿತದ್ದು ನೋಡಿ ಕಾಜದಕ್ಕನಿಗೆ ಕಾಲಕೆಳಗಿನ ಮೆಟ್ಟಿಲು ಸರಿಸಿದಂತಾಯಿತು. ಉಳಿದದ್ದು ಚಿಂದಿ. ಮೆಸ್ಸಿನವಳು ಬೆಕ್ಕಿಗೆ ಮೀನಿನ ಮುಳ್ಳು ಬಿಡಿಸುವಳೇ? ಮಗಳು ಪ್ರಾಣಿಗಳ ಔಷಧಿ ಅಂಗಡಿಯಿಂದ ಪ್ಯಾಕೆಟ್ಟಿನ ಒಣ ಆಹಾರ ತಂದಳು. ನೋಡಲು ಹುರಿದ ಕಾಳಿನಂತಿತ್ತು, ಹಾಗಾಗಿ ಕಾಜದಕ್ಕ ಅದನ್ನು ಕಾಳು ಎಂದಳು.

"ಬಟ್ಟಲಿಗೆ ಸುರಿದರೆ ಆಯ್ತಮ್ಮ. ಅಪ್ಪನೂ ಮಾಡ್ಬೋದು" ಎಂದಳು ಮಗಳು. "ಆದ್ರೆ ಒಂದೇ ಸಲ ಬದಲಾಯಿಸಬಾರದಂತೆ. ಹಳೇ ಊಟದಲ್ಲಿ ಚೂರು ಬೆರೆಸಿ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ಬೇಕಂತೆ. ಹಸಿವಿಂದ ಬಗ್ಗಿಸೋಕೆ ಹೋದ್ರೆ ಬೆಕ್ಕುಗಳಿಗೆ ಕಾಯಿಲೆ ಆಗುತ್ತಂತೆ. ಆಮೇಲೆ ಪಕ್ಕದಲ್ಲಿ ನೀರು ಸದಾ ಇರ್ಬೇಕು, ಒಣದು ತಿಂದ್ರೆ ಬಾಯಾರಿಕೆ ಆಗುತ್ತೆ."

"ಅದು ಕಾಳು ತಿನ್ನೋಕೆ ಕಲಿತ ಮಾರನೇ ದಿನ ನಾನು ಹೋಗಿ ಸೇರ್ತೀನಿ" ಎಂದಳು ಕಾಜದಕ್ಕ. ಗಂಡ ಅಲ್ಲೇ ಕೂತು ಶೂ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

ಚಿಂದಿ ಮೊದಲ ದಿನ ಬಟ್ಟಲಿನ ಮೀನನ್ನೆಲ್ಲ ನೆಕ್ಕಿ, ಕಾಳುಗಳನ್ನು ತೊಳೆದಿಟ್ಟಂತೆ ಒಂದು ಬದಿಗೆ ಬಿಟ್ಟು ಎದ್ದಿತು. ಕಾಳನ್ನು ಮೀನಿನ ನೀರಿನಲ್ಲಿ ನೆನೆಸಿದಳು. ಅನ್ನದ ಜೊತೆ ಪುಡಿ ಮಾಡಿ ಕಲಸಿದಳು. ಬಟ್ಟಲು ಬದಲಾಯಿಸಿದಳು, ಜಾಗ ಬದಲಾಯಿಸಿದಳು, ತಾನೇ ಒಂದು ಕಾಳು ಬಾಯಿಗೆ ಹಾಕಿಕೊಂಡು "ನೋಡು, ಎಷ್ಟು ಚೆನ್ನಾಗಿದೆ" ಎಂದು ಅಗಿದು, ಹಿತ್ತಲಿಗೆ ಓಡಿ ಉಗಿದಳು. ಪುಡಿ ಮಾಡಿದ್ದನ್ನು ಕಂಡುಹಿಡಿಯಲೂ ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಟ್ಟಲಿನ ಸುತ್ತ ನೆಲವನ್ನು ಪಂಜಾದಿಂದ ಕೆರೆದು, ಹೊಲಸು ಮುಚ್ಚುವ ಹಾಗೆ ಮಾಡಿ, ಅವಳ ಮುಖವನ್ನೊಮ್ಮೆ ನೋಡಿ, ಕಿಟಕಿಯಿಂದ ಹೊರಗೆ ಹಾರಿತು.

"ಇದೊಂದಕ್ಕೆ ಮಾತ್ರ ನಾನೇ ಬೇಕು ನೋಡು" ಎಂದು ಅವಳು ಪಕ್ಕದ ಮನೆಯವಳ ಹತ್ತಿರ ಬೈದಳು. ಬೈಗುಳದ ಒಳಗೆ ಒಂದು ಸಂತೋಷವಿತ್ತು. ಪಕ್ಕದ ಮನೆಯವಳಿಗೆ ಅದು ಕೇಳಿಸಿತು.

ವಾರಗಳು ಹೀಗೇ ಸರಿದವು. ಬಟ್ಟಲಿನಲ್ಲಿ ಕಾಳು ಹೆಚ್ಚುತ್ತ ಹೋಗಬೇಕಿತ್ತು. ಆದರೆ ಚಿಂದಿ ಊಟ ಬಿಟ್ಟ ದಿನ ಅವಳಿಗೆ ಹೆದರಿಕೆಯಾಗಿ ಮತ್ತೆ ಮೀನು ಹೆಚ್ಚಿಸುವಳು. ಹೆದರಿಕೆ ಬೆಕ್ಕಿನದೋ ಆಸ್ಪತ್ರೆಯದೋ ಎಂದು ಅವಳು ಬಿಡಿಸಿ ನೋಡಲಿಲ್ಲ. ಮಗಳು ಫೋನಿನಲ್ಲಿ ಬೇಡಿಕೊಂಡಳು, ಅತ್ತಳು, ಕೊನೆಗೆ ಸಿಟ್ಟಾದಳು. "ಬೆಕ್ಕಿಗೋಸ್ಕರ ಯಾರಾದ್ರೂ ಆಪರೇಷನ್ ಮುಂದೆ ಹಾಕ್ತಾರಾಮ್ಮ? ನಾಚಿಕೆ ಆಗುತ್ತೆ ನಂಗೆ, ಯಾರಿಗಾದ್ರೂ ಹೇಳೋಕೆ."

"ಇನ್ನು ಸ್ವಲ್ಪ ದಿನ. ಕಲಿತುಕೊಳ್ತಾ ಇದೆ."

"ಅಪ್ಪಂಗೆ ಕೊಡು ಫೋನು." ಅಪ್ಪ ಫೋನು ಹಿಡಿದು, ಹೂಂ, ಹೂಂ ಎಂದು, "ಅವಳಿಷ್ಟ" ಎಂದು ಇಟ್ಟುಬಿಟ್ಟ.

ಅವಳಿಗೊಂದು ವಿಷಯ ಬಗೆಹರಿಯಲಿಲ್ಲ. ಬಟ್ಟಲಿನ ಊಟವನ್ನು ಚಿಂದಿ ಮುಟ್ಟಿದರೆ ಮುಟ್ಟಿತು, ಬಿಟ್ಟರೆ ಬಿಟ್ಟಿತು. ಆದರೂ ಅದರ ಮೈ ಇಳಿಯಲಿಲ್ಲ. ಮೈ ಇಳಿಯುತ್ತಿದ್ದದ್ದು ಅವಳದು. ರವಿಕೆಗಳನ್ನೆಲ್ಲ ಒಳಗಿನಿಂದ ಹಿಡಿದು ಹೊಲಿದುಕೊಂಡಳು. ಚಿಂದಿಯ ಕೂದಲು ಮಾತ್ರ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಇಲಿ ಹಿಡಿಯುತ್ತಿರಬೇಕು ಎಂದುಕೊಂಡಳು.

ಒಂದು ಮಧ್ಯಾಹ್ನ ಗಂಡ ಕನ್ನಡಕ ಮರೆತು ಹೋಗಿದ್ದ. ಸೂಕ್ಷ್ಮ ತಂತಿಗೆ ಅದಿಲ್ಲದೆ ಆಗದು ಎಂದು ಅವಳು ಗೋಡೆ ಹಿಡಿದುಕೊಳ್ಳುತ್ತ, ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತ ಅಂಗಡಿಗೆ ನಡೆದಳು. ಅರ್ಧ ಶಟರ್ ಎಳೆದಿತ್ತು. ವಾರ್ನಿಶಿನ ಘಾಟು ಬರಬೇಕಾದಲ್ಲಿ ಮೀನಿನ ವಾಸನೆ ಬಂತು. ಬಗ್ಗಿ ನೋಡಿದಳು.

ಸುತ್ತಿದ ತಂತಿಗೆ ವಾರ್ನಿಶ್ ಹಚ್ಚಿ ಒಣಗಿಸುವ ಕರೆಂಟ್ ಒಲೆಯ ಮೇಲೆ ಒಂದು ಅಲ್ಯೂಮಿನಿಯಂ ಪಾತ್ರೆ. ಕೆಲಸದ ಮೇಜಿನ ಮೇಲೆ, ತಾಮ್ರದ ಸುರುಳಿಗಳ ನಡುವೆ, ಚಿಂದಿ ಬಾಲ ಸುತ್ತಿಕೊಂಡು ಕೂತಿತ್ತು. ಗಂಡ ಹಳೆಯದೊಂದು ಕನ್ನಡಕ ಮೂಗಿಗೇರಿಸಿ, ಕೈಯಲ್ಲಿ ತಂತಿ ಹಿಡಿಯುವ ಚಿಮಟ ಹಿಡಿದು, ಬೆಂದ ಮೀನಿನ ತಲೆಯಿಂದ ಮುಳ್ಳು ಬಿಡಿಸುತ್ತಿದ್ದ. ಒಂದೊಂದಾಗಿ ತೆಗೆದು ಕಾಗದದ ಮೇಲೆ ಇಡುತ್ತಿದ್ದ. ಆಮೇಲೆ ಹಿಚುಕಿದ ಮೀನನ್ನು ಕೈಹಿಂಬದಿಗೆ ತಾಗಿಸಿ ಬಿಸಿ ನೋಡಿದ. ಊದಿದ. ಮತ್ತೆ ತಾಗಿಸಿ ನೋಡಿದ. ದಿನಾ ಅವಳು ಬಿಸಿ ನೋಡುತ್ತಿದ್ದ ರೀತಿಯಲ್ಲೇ.

"ಯಾವಾಗಿಂದ?" ಎಂದಳು ಕಾಜದಕ್ಕ.

ಅವನ ಕೈಯ ಚಿಮಟ ಮೇಜಿಗೆ ಬಿತ್ತು. "ನೀನು ಯಾಕೆ ಬರೋಕೆ ಹೋದೆ, ಇಷ್ಟು ಬಿಸಿಲಲ್ಲಿ?"

"ಯಾವಾಗಿಂದ ಅಂದೆ."

"ಆ ಕಾಳು ತಂದಾಗಿಂದ."

"ಯಾಕೆ?"

ಅವನು ಚಿಂದಿಯ ಮುಂದೆ ಬಟ್ಟಲು ಸರಿಸಿದ. ಅದು ತಿನ್ನಲು ತೊಡಗಿದ ಮೇಲೆ ಹೇಳಿದ, "ಅದು ಕಾಳು ಕಲಿತರೆ ಮಾರನೇ ದಿನ ಹೋಗ್ತೀನಿ ಅಂತ ನೀನು ಅಂದಿದ್ದೆ."

ಅವಳು ಸುಟ್ಟ ಮೋಟಾರುಗಳ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅವನು ನೀರು ತಂದುಕೊಟ್ಟ. ಆಸ್ಪತ್ರೆಗೆ ಹೋದವರು ವಾಪಸ್ ಬರುತ್ತಾರೋ ಇಲ್ಲವೋ ಎಂಬ ಅವನ ಭಯ ಅವಳಿಗೆ ಅರ್ಥವಾಯಿತು. ಅರ್ಥ ಮಾಡಿಕೊಳ್ಳುವ ಕೆಲಸ ಅವಳಿಗೆ ಹೊಸದಲ್ಲ. ಅವಳ ಕಣ್ಣು ನೆಟ್ಟದ್ದು ಕಾಗದದ ಮೇಲಿನ ಮುಳ್ಳುಗಳ ಮೇಲೆ. ಎಷ್ಟು ನೀಟಾಗಿ, ಒಂದರ ಪಕ್ಕ ಒಂದು ಇಟ್ಟಿದ್ದ.

"ನಿಮಗೆ ಬೇಯಿಸೋಕೆ ಬರುತ್ತಾ?"

"ಅದೇನು ಮಹಾ. ನೀರು ಹಾಕಿ ಇಡೋದು ತಾನೆ."

"ಮುಳ್ಳು ಬಿಡಿಸೋದು?"

"ತಂತಿಗಿಂತ ಸುಲಭ" ಎಂದ ಅವನು. ಹೇಳಿದ ಮೇಲೆ, ಹೇಳಬಾರದ್ದು ಹೇಳಿದೆನೆಂದು ಅವನಿಗೂ ತೋರಿರಬೇಕು. ಮುಖ ತಗ್ಗಿಸಿದ.

ಅವಳು ತನ್ನ ಹರೆಯದ ಬೆಳಗುಗಳನ್ನೆಲ್ಲ ಒಮ್ಮೆಲೇ ಕಂಡಳು. ಜ್ವರದಲ್ಲಿ ತೊಳೆದ ಅಕ್ಕಿಯನ್ನು, ಒಂದು ಕೈಯಲ್ಲಿ ಮಗು ಒಂದು ಕೈಯಲ್ಲಿ ಸೌಟು ಹಿಡಿದು ನಿಂತದ್ದನ್ನು, ಕಾಜ ಹಾಕುತ್ತ ಹಾಕುತ್ತ ಕಣ್ಣು ಮಂಜಾದಾಗ 'ಒಲೆ ಮೇಲಿನದು ಇಳಿಸಿ' ಎಂದು ಕೇಳದೆ ತಾನೇ ಎದ್ದದ್ದನ್ನು. ಕೈಗೆ ಹತ್ತುವುದಿಲ್ಲವಂತೆ.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯೋದು ಕೇಳಿದ್ದೆ" ಎಂದಳು ಕೊನೆಗೆ. "ನೀವು ಇಷ್ಟು ವರ್ಷ ಕಣ್ಣು ಮುಚ್ಚಿ ಊಟ ಮಾಡಿದ್ರಿ."

ಅವನು ಬಿದ್ದ ಚಿಮಟ ಎತ್ತಿಟ್ಟ. ಚಿಂದಿ ಊಟ ಮುಗಿಸಿ, ಪಂಜಾ ನೆಕ್ಕಿ, ಮುಖ ತೊಳೆದುಕೊಂಡಿತು. ಅವಳಿಗೆ ಇನ್ನೂ ಏನೇನೋ ಹೇಳಬೇಕೆನಿಸಿತು. ಆದರೆ ತಾನೂ ಮೀನು ಹೆಚ್ಚಿಸಿದ್ದು ನೆನಪಾಗಿ ಸುಮ್ಮನಾದಳು. ಒಂದು ಬೆಕ್ಕನ್ನು ಇಬ್ಬರೂ ಎರಡು ಕಡೆಯಿಂದ ಹಿಡಿದು ಆಸ್ಪತ್ರೆಯ ದಾರಿಗೆ ಅಡ್ಡ ನಿಲ್ಲಿಸಿದ್ದರು. ಎದ್ದು, "ನಾಳೆ ಮಗಳಿಗೆ ಬರೋಕೆ ಹೇಳಿ. ನಾನು ಹೋಗಿ ಸೇರ್ತೀನಿ. ಚಿಂದಿಗೆ ಕಾಳು ಬೇಕಾಗಿಲ್ಲ, ನೀವಿದ್ದೀರಲ್ಲ" ಎಂದಳು.

ಡಾಕ್ಟರಮ್ಮ ಹೊಸ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದರು. ಹಳೆಯದನ್ನು ಪಕ್ಕದಲ್ಲಿಟ್ಟು ಮತ್ತೆ ನೋಡಿದರು. "ಇಷ್ಟು ದಿನ ಏನು ಮಾಡ್ತಿದ್ರಿ?"

"ಬೆಕ್ಕಿಗೆ ಊಟ ಕಲಿಸ್ತಿದ್ದೆ."

ತಮಾಷೆ ಎಂದುಕೊಂಡು ನರ್ಸ್ ನಕ್ಕಳು. ಮಗಳು ಗೋಡೆಯ ಕಡೆ ತಿರುಗಿ ನಿಂತಳು.

ಹೊಟ್ಟೆ ತೆರೆದರು, ನೋಡಿದರು, ಏನನ್ನೂ ತೆಗೆಯದೆ ಮುಚ್ಚಿದರು. ಗಡ್ಡೆ ಕೈಗೆ ಸಿಗದಷ್ಟು ಹರಡಿತ್ತು. ಬ್ಯಾಂಡೇಜ್ ಬದಲಾಯಿಸುವಾಗ ಕಾಜದಕ್ಕ ತಲೆ ಎತ್ತಿ ತನ್ನ ಹೊಟ್ಟೆಯ ಮೇಲಿನ ಹೊಲಿಗೆಯನ್ನು ನೋಡಿಕೊಂಡಳು. ಅಂತರ ಸಮವಾಗಿತ್ತು, ಎಲ್ಲೂ ಬಿಗಿ ಹೆಚ್ಚಾಗಿರಲಿಲ್ಲ. "ಒಳ್ಳೇ ಕೈ" ಎಂದಳು. ಡಾಕ್ಟರಮ್ಮ ನೋವಿಗೆ ಮಾತ್ರೆ ಬರೆದುಕೊಟ್ಟು, ಮನೆಗೆ ಕರಕೊಂಡು ಹೋಗಿ, ಬೇಕಾದ್ದು ಕೊಡಿ ಎಂದರು. ಬೇಕಾದ್ದು ಅಂದರೇನು ಎಂದು ಗಂಡ ಮಗಳನ್ನು ಕೇಳಿದ. ಮಗಳು, "ಅಮ್ಮನನ್ನೇ ಕೇಳಪ್ಪ, ಒಂದು ಸಲನಾದ್ರೂ" ಎಂದಳು.

ಮನೆಯಲ್ಲಿ ಮಂಚವನ್ನು ಅಡುಗೆಮನೆ ಕಾಣುವಂತೆ ಹಾಕಿದರು. ಗಂಡ ಅಂಗಡಿಯ ಬಾಗಿಲು ಹಾಕಿದ. ಗಂಜಿ ಬೇಯಿಸುತ್ತಿದ್ದ, ತೆಳುಬಟ್ಟೆಯಲ್ಲಿ ಸೋಸುತ್ತಿದ್ದ, ಕೈಹಿಂಬದಿಗೆ ತಾಗಿಸಿ ಬಿಸಿ ನೋಡುತ್ತಿದ್ದ. ನಡುವೆ ಚಮಚ ಬಿಟ್ಟು ಅವಳ ಕಾಲು ಒತ್ತುತ್ತಿದ್ದ. ಇಡೀ ಬೀದಿ ಒಬ್ಬೊಬ್ಬರಾಗಿ ಬಂದು ನೋಡಿತು. ಒಲೆಯ ಮುಂದೆ ಗಂಡಸು ನಿಂತದ್ದು ನೋಡಿ ಅವರ ಕಣ್ಣು ಒದ್ದೆಯಾಯಿತು.

"ಏನೇ ಹೇಳಕ್ಕ, ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು" ಎಂದಳು ಮೆಸ್ಸಿನವಳು.

"ಹೌದು" ಎಂದಳು ಕಾಜದಕ್ಕ. ಅವಳು ನಿಂತ ಒಲೆಯ ಮುಂದೆ ಹೀಗೆ ಯಾರೂ ಬಂದು ಕಣ್ಣು ಒರೆಸಿಕೊಂಡದ್ದಿಲ್ಲ. ಹೇಳಲು ಉಸಿರು ಸಾಲಲಿಲ್ಲ. ಪಕ್ಕದ ಮನೆಯವಳು ಮಾತ್ರ ಅವಳ ಮುಖ ನೋಡಿ, ಹೊದಿಕೆ ಸರಿಮಾಡುವ ನೆಪದಲ್ಲಿ ಅವಳ ಕೈ ಗಟ್ಟಿಯಾಗಿ ಹಿಡಿದಳು.

ಗಂಜಿ ಗಂಟಲಲ್ಲಿ ಇಳಿಯುವುದು ಕಡಿಮೆಯಾದಷ್ಟೂ ಅದನ್ನು ಮಾಡುವ ಕೆಲಸ ಹೆಚ್ಚಾಯಿತು. ಈ ಗಲಾಟೆಯಲ್ಲಿ ಮೀನಿನವಳು ಬಾಗಿಲಿಗೆ ಬಂದು ಕೂಗಿ ಹೋದದ್ದು ಯಾರಿಗೂ ಕೇಳಲಿಲ್ಲ, ಒಂದು ದಿನವಲ್ಲ, ಎಷ್ಟೋ ದಿನ. ಚಿಂದಿಯ ನೆನಪು ಅವನಿಗೆ ಬರಲಿಲ್ಲ. ಅದು ಮಂಚದ ಕೆಳಗೆ ಬರುತ್ತಿತ್ತು, ಹೋಗುತ್ತಿತ್ತು.

ಒಂದು ಮಧ್ಯಾಹ್ನ ಕಾಜದಕ್ಕ ಅರೆನಿದ್ದೆಯಲ್ಲಿದ್ದಾಗ ಅಡುಗೆಮನೆಯ ಮೂಲೆಯಿಂದ ಒಂದು ಸದ್ದು ಕೇಳಿತು. ಕಟಕ್, ಕಟಕ್. ಹಲ್ಲಿನಲ್ಲಿ ಏನೋ ಮುರಿಯುವ ಸದ್ದು. ಕಣ್ಣು ಬಿಟ್ಟಳು. ಮಗಳು ಯಾವಾಗಲೋ ಸುರಿದಿಟ್ಟಿದ್ದ ಕಾಳಿನ ಬಟ್ಟಲಿನ ಮುಂದೆ ಚಿಂದಿ ಕೂತಿತ್ತು. ಮೂಸಲಿಲ್ಲ, ನೆಲ ಕೆರೆಯಲಿಲ್ಲ. ತಲೆ ಓರೆ ಮಾಡಿ, ಒಂದು ಬದಿಯ ಹಲ್ಲಿನಿಂದ, ಮನೆಯ ಯಾವುದೋ ಕೆಲಸ ಮುಗಿಸುವಂತೆ, ಅಗಿಯುತ್ತಿತ್ತು. ಯಾರೂ ಕಲಿಸಿರಲಿಲ್ಲ.

ಗಂಡನೂ ನೋಡಿದ. ಸೌಟು ಹಿಡಿದೇ ಬಾಗಿಲಿಗೆ ಬಂದ. "ಇವಳೇ, ನೋಡಿದ್ಯಾ. ತಿಂತಾ ಇದೆ."

"ಹೂಂ."

ಕಾಳು ತಿನ್ನಲು ಕಲಿತ ಮಾರನೇ ದಿನ ಅವಳು ಹೋಗುವುದೆಂದು ಹಿಂದೊಮ್ಮೆ ಆದ ಮಾತು ಇಬ್ಬರ ನಡುವೆ ಸುಮ್ಮನೆ ನಿಂತಿತು. ಚಿಂದಿ ಬಟ್ಟಲು ಖಾಲಿ ಮಾಡಿ ಬಂದು ಮಂಚಕ್ಕೆ ಹಾರಿ ಅವಳ ಕೈಯ ಕೆಳಗೆ ತಲೆ ತೂರಿಸಿತು. ಅದರ ಉಸಿರಿನಲ್ಲಿ ಮೀನಿನ ವಾಸನೆ ಇರಲಿಲ್ಲ.

"ಅದರ ನೀರಿನ ಬಟ್ಟಲು ನೋಡಿ" ಎಂದಳು ಕಾಜದಕ್ಕ. ಒಂದೊಂದು ಮಾತಿಗೂ ತಡೆದು ಉಸಿರೆಳೆದಳು. "ಒಣದು ತಿಂದಿದೆ. ಬಾಯಾರುತ್ತೆ."

ಅವನು ಓಡಿ ಹೋಗಿ ಬಟ್ಟಲು ತುಂಬಿಸಿದ. ಅಂಚಿನ ತನಕ ತುಂಬಿಸಿದ. ತರುವಾಗ ಬಾಗಿಲಿನಿಂದ ಮಂಚದವರೆಗೂ ನೀರು ಚೆಲ್ಲಿತು. ಬಟ್ಟಲು ಕೆಳಗಿಟ್ಟು, ಒದ್ದೆ ನೆಲ ನೋಡಿ, ಸುತ್ತ ಕಣ್ಣಾಡಿಸಿದ. "ನೆಲ ಒರೆಸೋ ಬಟ್ಟೆ ಎಲ್ಲಿರುತ್ತೆ ಇವಳೇ?"

ಅವಳು ಬಾಯಿ ತೆರೆದಳು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ವರ್ಷದ ಅಭ್ಯಾಸ. ಆಮೇಲೆ ಬಾಯಿ ಮುಚ್ಚಿ, ಬೆಕ್ಕಿನ ಬೆನ್ನಿನ ಮೇಲೆ ಕೈ ಇಟ್ಟುಕೊಂಡು, ಕಣ್ಣು ಮುಚ್ಚಿದಳು. ಅಡುಗೆಮನೆಯಲ್ಲಿ ಅವನು ಒಂದೊಂದೇ ಬಾಗಿಲು ತೆರೆದು ಮುಚ್ಚಿ ಹುಡುಕುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.